ಹೊಳೆಯ ನೀರಿಗೆ ಕಾವಲು ಕೂತ ಬೇಸಿಗೆ

ಆ ಜೀಪನ್ನು ನಾನು ಮೊದಲು ನೋಡಿದ್ದು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಡೇರಿಗೆ ಹಾಲು ಹಾಕಿ ಮನೆಗೆ ಬರುವಾಗ. ನಮ್ಮೂರ ಹೊಳೆಯ ಬಂಧಾರೆಯ ಹತ್ತಿರ ನಿಂತಿತ್ತು. ಅದರ ನೆತ್ತಿಯ ಮೇಲೆ ಸಪೂರವಾದ ಎರಡು ಉದ್ದನೆಯ ದೋಣಿ ಕಟ್ಟಿದ್ದರು, ಒಂದು ಕೆಂಪು, ಒಂದು ಹಳದಿ. ನಲವತ್ತೈದರ ಆಸುಪಾಸಿನ ಗಂಡಸೊಬ್ಬ, ಇಪ್ಪತ್ತೈದು ದಾಟಿರದ ಹುಡುಗಿಯೊಬ್ಬಳು ಬಂಧಾರೆಯ ಮೇಲೆ ಹಿಂದೆ ಮುಂದೆ ಅಡ್ಡಾಡುತ್ತ, ಬಗ್ಗಿ ಬಗ್ಗಿ ನೀರು ನೋಡುತ್ತಿದ್ದರು. ಹುಡುಗಿ ಏನೋ ಬರೆದುಕೊಳ್ಳುತ್ತಿದ್ದಳು. ಖಾಲಿ ಕ್ಯಾನು ಹಿಡಿದುಕೊಂಡೇ ನಾನು ನಿಂತೆ. ದನಕ್ಕೆ ನೀರು ಕುಡಿಸುವವರು, ಅರಿವೆ ಒಗೆಯುವವರು ಹೊಳೆಗೆ ಬರುತ್ತಾರೆ, ಕೆಲಸ ಮುಗಿಸಿ ಹೋಗುತ್ತಾರೆ. ಕೆಲಸವಿಲ್ಲದೆ ನೀರನ್ನು ಅಷ್ಟು ಹೊತ್ತು ನೋಡುವವರನ್ನು ನಾನು ನಂಬುವುದಿಲ್ಲ.

ಗಂಡಸು ನನ್ನನ್ನು ಕಂಡು ನಮಸ್ಕಾರ ಮಾಡಿದ. ಬಂಧಾರೆಯ ಬರಗೆ ಯಾವಾಗ ತೆಗೆಯುತ್ತಾರೆ, ಬೇಸಿಗೆಯಲ್ಲಿ ನೀರು ಎಲ್ಲಿಯ ತನಕ ನಿಲ್ಲುತ್ತದೆ ಎಂದು ಕೇಳಿದ. ಮಾತು ನಮ್ಮದೇ ಕನ್ನಡ. ಯಾವ ಊರು ಎಂದೆ. ಇಚಲಕರಂಜಿ ಎಂದ. ಅಷ್ಟು ಸಾಕಾಯಿತು ನನಗೆ. ಇಚಲಕರಂಜಿಯಲ್ಲಿ ನಳದ ನೀರಿಗೆ ಜನ ದಿನ ಎಣಿಸುತ್ತಾರೆ, ಹೊಸ ನೀರು ಎಲ್ಲಿಂದ ತರುವುದು ಎಂಬ ಜಗಳ ಪೇಪರಿನಲ್ಲಿ ಮುಗಿಯುವುದೇ ಇಲ್ಲ. ಅಂಥ ಊರಿನವನು ನಮ್ಮ ಗಡಹಿಂಗ್ಲಜ ತಾಲೂಕಿಗೆ ಬಂದು ಹಿರಣ್ಯಕೇಶಿ ಹೊಳೆಯ ನೀರು ಅಳೆಯುತ್ತಾನೆಂದರೆ ಹಿಂದೆ ಪೈಪು ಬರುವುದು ಖಚಿತ ಎಂದುಕೊಂಡೆ. ಬರಗೆಯ ವಿಷಯ ನನಗೆ ಗೊತ್ತಿಲ್ಲ ಎಂದು ಹೇಳಿ ಹೊರಟೆ. ಗೊತ್ತಿತ್ತು.

ನಮ್ಮ ಕಡೆಯ ಬಂಧಾರೆಗಳು ಹೇಗಿರುತ್ತವೆಂದು ನೋಡದವರಿಗೆ ಹೇಳಬೇಕು. ಹೊಳೆಗೆ ಅಡ್ಡ ಕಲ್ಲಿನ ಕಂಬಗಳ ಸಾಲು. ಕಂಬ ಕಂಬಗಳ ನಡುವೆ ಸಂದಿ. ಮಳೆಗಾಲ ಮುಗಿದ ಮೇಲೆ ಆ ಸಂದಿಗಳಲ್ಲಿ ಒಂದರ ಮೇಲೊಂದು ಕಬ್ಬಿಣದ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ಆ ಹಲಗೆಗಳೇ ಬರಗೆ. ಮಳೆ ಬರುವ ಮೊದಲು ಅವನ್ನು ಎತ್ತಿಡುತ್ತಾರೆ. ನಡುವೆ ಬೇಸಿಗೆಯಲ್ಲಿ ಮೇಲಿನ ಡ್ಯಾಮಿನಿಂದ ಪಾಳಿಯ ಪ್ರಕಾರ ನೀರು ಬಿಡುತ್ತಾರೆ. ಬಿಟ್ಟಾಗ ಧಡಕ್ಕನೆ ಬರುತ್ತದೆ, ಬಂಧಾರೆಯನ್ನೇ ಹಾರಿ ಹೋಗುತ್ತದೆ. ನಿಲ್ಲಿಸಿದಾಗ ಧಡಕ್ಕನೆ ಇಳಿಯುತ್ತದೆ. ಬಂಧಾರೆಯ ಹಿಂದೆ ನೀರು ತುಂಬಿ ನಿಲ್ಲುತ್ತದೆ, ಮುಂದೆ ಮಾತ್ರ ಹೊಳೆ ತುಂಡು ತುಂಡಾಗಿ ಗುಂಡಿಗಳಲ್ಲಿ ಉಳಿಯುತ್ತದೆ. ಆ ಗುಂಡಿಗಳಲ್ಲಿ ಮೀನು ಬಾಯಿ ಬಿಡುವುದನ್ನು ನಾನು ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಹೊಳೆ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ಎಂಟು ದಿನದ ಮೇಲೆ ಅವರಿಬ್ಬರೂ ಪಂಚಾಯತಿ ಕಟ್ಟಡದಲ್ಲಿ ಜನರನ್ನು ಕೂಡಿಸಿದರು. ಗಂಡಸಿಗೆ ಇಚಲಕರಂಜಿಯಲ್ಲಿ ಮಗ್ಗದ ಕಾರಖಾನೆ ಇತ್ತು. ಹುಡುಗಿ ಕೊಲ್ಹಾಪುರದ ಕಾಲೇಜಿನಲ್ಲಿ ಹೊಳೆಯ ಪಕ್ಷಿ, ಮೀನುಗಳ ಬಗ್ಗೆ ಓದುತ್ತಿದ್ದಳು. ಮರಾಠಿ ಬಿಟ್ಟು ಬೇರೆ ಮಾತು ಬಾರದು. ಇಂಥ ಹದಿನೈದಿಪ್ಪತ್ತು ಜನ ಸೇರಿ ರಜೆಯ ದಿನ ಹೊಳೆಗಳಲ್ಲಿ ದೋಣಿ ನಡೆಸುತ್ತಾರಂತೆ. ಪಾಟಬಂಧಾರೆ ಖಾತೆಯವರು, ಅಂದರೆ ನೀರಾವರಿಯವರು, ಒಂದು ಪಾಳಿಯ ಮಟ್ಟಿಗೆ ಪ್ರಯೋಗಕ್ಕೆ ಒಪ್ಪಿದ್ದಾರೆ, ಊರೂ ಒಪ್ಪಬೇಕು ಎಂದರು. ಡ್ಯಾಮಿನಿಂದ ಬಿಡುವ ನೀರು ಅಷ್ಟೇ, ಹನಿ ಹೆಚ್ಚಿಲ್ಲ, ಹನಿ ಕಡಿಮೆಯಿಲ್ಲ. ಆದರೆ ಒಮ್ಮೆಲೇ ಬಿಡದೆ ಐದು ದಿನದ ಮೇಲೆ ಹರಡಿ, ಮೆಲ್ಲಗೆ ಏರಿಸಿ ಮೆಲ್ಲಗೆ ಇಳಿಸುವುದು. ನಮ್ಮ ಬಂಧಾರೆಯ ಎರಡು ಸಂದಿಗಳಲ್ಲಿ ಮೇಲಿನ ಬರಗೆ ತೆಗೆದಿಟ್ಟು, ಮುಂದಿನ ಪಾಳಿಯ ತನಕ ಕೆಳಗಡೆ ಒಂದಿಷ್ಟು ನೀರು ಹರಿಯುತ್ತಲೇ ಇರುವಂತೆ ನೋಡಿಕೊಳ್ಳುವುದು. ಐದು ದಿನದಲ್ಲಿ ನಡುವಿನ ಎರಡು ದಿನ ಅವರು ಬಂಧಾರೆಯ ಕೆಳಗಿನಿಂದ ಗಡಹಿಂಗ್ಲಜದ ಸೇತುವೆಯ ತನಕ ದೋಣಿ ಹಾಕುವರು. ಆ ಐದು ದಿನ ಮುಗಿಯುವ ತನಕ ರೈತರು ಮೋಟಾರು ಹಚ್ಚಬಾರದು. ಆಮೇಲೆ ತುಂಬಿ ನಿಂತ ನೀರನ್ನು ಪಾಳಿಯಂತೆ ಎತ್ತಬಹುದು, ಆದರೆ ಎರಡು ಸಂದಿಯ ಹರಿವು ನಿಲ್ಲುವಷ್ಟಲ್ಲ.

ಇದರಿಂದ ನಿಮಗೇನು ಸಿಗುತ್ತದೆ ಎಂದು ನಾನೇ ಎದ್ದು ಕೇಳಿದೆ. ನಾನು ಗಡಹಿಂಗ್ಲಜದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತಳಾದವಳು. ಊರಲ್ಲಿ ಎಲ್ಲರೂ ನನ್ನನ್ನು ಬಾಯಾರ, ಅಂದರೆ ಟೀಚರಮ್ಮ, ಎಂದೇ ಕರೆಯುತ್ತಾರೆ, ಸಭೆಯಲ್ಲಿ ಹೆಂಗಸು ಎದ್ದಳೆಂದು ಯಾರೂ ತಡೆಯುವುದಿಲ್ಲ. ಮಗ್ಗದ ಸಾಹುಕಾರ ಸ್ವಲ್ಪ ಗಲಿಬಿಲಿಗೊಂಡ. ಏನೂ ಸಿಗುವುದಿಲ್ಲ, ಸಂತೋಷ ಸಿಗುತ್ತದೆ ಎಂದ. ಹುಡುಗಿ ಮುಂದೆ ಬಂದು, ಬಂಧಾರೆಯ ಕೆಳಗಿನ ಹರಳಿನ ದಿಬ್ಬದ ಮೇಲೆ ಟಿಟವಿ, ಅಂದರೆ ಟಿಟ್ಟಿಭ ಹಕ್ಕಿ, ತತ್ತಿ ಇಡುತ್ತದೆ, ಒಮ್ಮೆಲೇ ನೀರು ಬಿಟ್ಟರೆ ತತ್ತಿ ತೇಲಿ ಹೋಗುತ್ತವೆ ಎಂದು ಹೇಳಿದಳು. ಜನ ನಕ್ಕರು. ನನ್ನ ಮೈದುನ ಎಲ್ಲರಿಗಿಂತ ಜೋರಾಗಿ ನಕ್ಕ.

ನನ್ನ ಯಜಮಾನರು ತೀರಿಕೊಂಡ ಮೇಲೆ ನಮ್ಮ ಹೊಳೆದಂಡೆಯ ಕಬ್ಬಿನ ಹೊಲ ನೋಡಿಕೊಳ್ಳುವವನು ಈ ಮೈದುನನೇ. ಮನೆ ಒಂದೇ, ಒಲೆ ಒಂದೇ. ಸಂಶಯದಲ್ಲಿ ನಾವಿಬ್ಬರೂ ಒಂದೇ ತಕ್ಕಡಿ. ಅಂದು ಮನೆಗೆ ಬರುವಾಗ ಅವನು, "ವೈನಿ, ತತ್ತಿ ಸಲುವಾಗಿ ಇಚಲಕರಂಜಿಯಾಂವ ಇಲ್ಲೀತನಕ ಬರ್ತಾನೇನ್ರಿ? ಇದರಾಗ ಏನೋ ಐತಿ" ಎಂದ. ನನಗೂ ಹಾಗೇ ಅನಿಸಿತ್ತು.

ಕಡೆಗೆ ಊರು ಒಂದು ಷರತ್ತು ಹಾಕಿ ಒಪ್ಪಿತು. ನೀರಿನ ಮಟ್ಟವನ್ನು ಅವರ ಯಂತ್ರವಲ್ಲ, ಊರಿನವರೇ ಒಬ್ಬರು ನೋಡಿ ಬರೆಯಬೇಕು. ಯಾರು ಎಂಬ ಮಾತು ಬಂದಾಗ ಒಬ್ಬರಿಗೆ ಇನ್ನೊಬ್ಬರ ಮೇಲೆ ಭರವಸೆಯಿಲ್ಲ. ಯಾರನ್ನೂ ನಂಬದವಳೆಂದು ಹೆಸರಾಗಿದ್ದ ನನ್ನನ್ನು ಎಲ್ಲರೂ ನಂಬಿದರು. ಬಂಧಾರೆಯ ಹಿಂದುಗಡೆ, ದಂಡೆಯ ಪಕ್ಕದ ಕಂಬದ ಮೇಲೆ ನಾನು ಬಿಳಿ ಬಣ್ಣದಿಂದ ನಾಲ್ಕು ನಾಲ್ಕು ಬೆರಳಿಗೊಂದರಂತೆ ಗೆರೆ ಬರೆದೆ.

ನೀರು ಬಿಡುವ ಮೊದಲೇ ಆ ಮನುಷ್ಯನ ಬುಡ ನೋಡಬೇಕೆಂದು ನನಗೆ ಹಟ ಹತ್ತಿತು. ನನ್ನ ತವರು ನೇಸರಿಯ ಕಡೆಯ ನೆಂಟರೊಬ್ಬರ ಮನೆ ಹಾತಕಣಂಗಲೆಯಲ್ಲಿದೆ, ಅವರ ಮೊಮ್ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಕಾಗಲದಲ್ಲಿ ಬಸ್ಸು ಬದಲಿಸಿ ಹೋದೆ, ಊಟ ಮುಗಿಸಿದ ಮೇಲೆ ಯಾರಿಗೂ ಹೇಳದೆ ಇಚಲಕರಂಜಿಯ ಬಸ್ಸು ಹತ್ತಿದೆ. ನಾಲ್ಕು ಕಡೆ ಕೇಳಿ ಅವನ ಕಾರಖಾನೆ ಹುಡುಕಿದೆ. ಮಗ್ಗಗಳ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಅವನು ಗಾಬರಿಯಾಗಿ ಎದ್ದು ಬಂದ, ಒಳಗಿನ ಕೋಣೆಗೆ ಕರೆದೊಯ್ದು ಚಹಾ ತರಿಸಿದ. ಆ ಕೋಣೆಯ ಗೋಡೆಯ ಮೇಲೆ ನಾನು ನೋಡಿದ್ದು ನಮ್ಮ ಹೊಳೆಯ ನಕ್ಷೆ. ನಮ್ಮ ಊರಿನ ಹತ್ತಿರ ಮೂರು ಕೆಂಪು ಗುರುತು.

ಇದೇನು ಎಂದು ಕೇಳಿದೆ. ದೋಣಿ ಎಲ್ಲಿ ಇಳಿಸಬಹುದು, ಎಲ್ಲಿ ಬಂಡೆ ಇದೆ ಎಂಬ ಗುರುತು ಎಂದ. ನಾನು ಆ ಗುರುತುಗಳನ್ನೇ ನೋಡುತ್ತಿದ್ದುದನ್ನು ಕಂಡು, ಎದ್ದು ತನ್ನ ಸ್ಕೂಟರಿನ ಮೇಲೆ ನನ್ನನ್ನು ಅವರೂರ ಹೊಳೆ ಪಂಚಗಂಗೆಯ ದಂಡೆಗೆ ಕರೆದುಕೊಂಡು ಹೋದ. ಹೊಳೆಯ ನೀರು ಕಾಣಿಸುತ್ತಲೇ ಇರಲಿಲ್ಲ. ದಂಡೆಯಿಂದ ದಂಡೆಗೆ ಜಲಪರ್ಣಿಯ ಕಳೆ ಹರಡಿ ಹಸಿರು ಹೊಲದ ಹಾಗೆ ಕಾಣುತ್ತಿತ್ತು. ಮೂಗು ಮುಚ್ಚಿಕೊಳ್ಳುವ ವಾಸನೆ. ಚಿಕ್ಕವನಿದ್ದಾಗ ಅಪ್ಪ ಇಲ್ಲೇ ತನಗೆ ಈಜು ಕಲಿಸಿದ್ದ, ಈಗ ಕೈ ಅದ್ದಲಿಕ್ಕೂ ಮನಸ್ಸಾಗುವುದಿಲ್ಲ ಎಂದ.

"ನಮ್ಮ ಹೊಳಿ ನಾವ ಕೆಡಿಸೀವ್ರಿ, ಬಾಯಾರ. ಬ್ಯಾರೆಯವರಿಗೆ ಅಂದು ಉಪಯೋಗಿಲ್ಲ. ಹರಿಯೂ ನೀರ ನೋಡಬೇಕಂದ್ರ ನಿಮ್ಮ ಕಡೆ ಬರಬೇಕು."

ಅವನ ಕಣ್ಣಲ್ಲಿ ಸುಳ್ಳು ಕಾಣಲಿಲ್ಲ. ಆದರೂ ಬಸ್ಸಿನಲ್ಲಿ ಕೂತು ವಾಪಸು ಬರುವಾಗ ಆ ಮಾತು ನನಗೆ ಸಮಾಧಾನ ಕೊಡುವ ಬದಲು ಇನ್ನಷ್ಟು ಕಾಡಿತು. ತಮ್ಮ ಹೊಳೆ ಕೆಡಿಸಿಕೊಂಡವರು ನಮ್ಮ ಹೊಳೆಗೆ ಬರುತ್ತಾರೆ. ಕೆಟ್ಟ ಮೇಲೆ ಇನ್ನೊಂದಕ್ಕೆ ಹೋಗುವುದಿಲ್ಲವೆಂದು ಏನು ಗ್ಯಾರಂಟಿ?

ಏಪ್ರಿಲಿನಲ್ಲಿ ಪಾಳಿ ಬಂತು. ಪ್ರತಿ ವರ್ಷ ನೀರು ಬಂದದ್ದು ಮನೆಯೊಳಗೇ ಕೂತವರಿಗೂ ಸಪ್ಪಳದಿಂದ ತಿಳಿಯುತ್ತಿತ್ತು. ಈ ಸಲ ಬೆಳಿಗ್ಗೆ ಹೋಗಿ ನೋಡಿದರೆ ಒಂದು ಗೆರೆ ಏರಿದೆ, ಸಂಜೆಗೆ ಇನ್ನೊಂದು. ಎರಡನೆಯ ದಿನ ದೋಣಿಯವರು ಬಂದರು, ಹನ್ನೆರಡು ಜನ. ಅವರಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸೂ ಇದ್ದಳು, ಅದೊಂದು ನನಗೆ ವಿಚಿತ್ರವೆನಿಸಿತು. ಎರಡೂ ತುದಿಗೆ ಅಗಲವಾಗಿದ್ದ ಹುಟ್ಟನ್ನು ಆಚೆ ಈಚೆ ಹಾಕುತ್ತ ಅವರು ನೀರಿನ ಮೇಲೆ ಸಪ್ಪಳವಿಲ್ಲದೆ ಸರಿದು ಹೋದರು. ಊರಿನ ಅರ್ಧ ಜನ ದಂಡೆಯ ಮೇಲೆ ನಿಂತು ನೋಡಿದರು. ನಾನು ದೋಣಿಗಳನ್ನು ನೋಡಲಿಲ್ಲ, ಅವರ ಚೀಲಗಳನ್ನು ನೋಡುತ್ತಿದ್ದೆ. ಊಟದ ಡಬ್ಬಿ, ನೀರಿನ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ.

ಮಾರನೆಯ ದಿನ ಹುಡುಗಿ ನನ್ನನ್ನು ದೋಣಿಯಲ್ಲಿ ಕೂರಿಸಿ ಹರಳಿನ ದಿಬ್ಬಕ್ಕೆ ಕರೆದುಕೊಂಡು ಹೋದಳು. ತತ್ತಿ ಇವೆಯೆಂದರೆ ತೋರಿಸು ಎಂದು ನಾನೇ ಅವಳನ್ನು ಕೆಣಕಿದ್ದೆ. ಆ ದಿಬ್ಬ ನಡುಹೊಳೆಯಲ್ಲಿದೆ, ಎರಡೂ ಕಡೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಇಳಿದು ನಾಲ್ಕು ಹೆಜ್ಜೆ ಇಟ್ಟೆ. ಬರೀ ಹರಳು, ಬಿಸಿಲು. ತತ್ತಿಯ ಸುಳುಹೇ ಇಲ್ಲ. ನನ್ನ ಊಹೆ ಸರಿಯಾಯಿತು ಎಂದು ಇನ್ನೊಂದು ಹೆಜ್ಜೆ ಎತ್ತಿದೆ.

"ಥಾಂಬಾ ಬಾಯಿ. ಪಾಯ ಟಾಕೂ ನಕಾ," ಎಂದಳು ಅವಳು ಮೆಲ್ಲಗೆ. ನಿಲ್ಲಿ, ಕಾಲಿಡಬೇಡಿ ಎಂದು.

ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತಂದು ಬಗ್ಗಿ ನೋಡಿದೆ. ಕಾಲಿಡಬೇಕಾದ ಜಾಗದಿಂದ ಒಂದು ಗೇಣು ದೂರದಲ್ಲಿ ನಾಲ್ಕು ತತ್ತಿ. ಮಣ್ಣಿನ ಬಣ್ಣ, ಮೇಲೆ ಕರಿ ಚುಕ್ಕೆ. ಅವಳು ಬೆರಳು ಮಾಡಿ ತೋರಿಸಿದ ಮೇಲೂ ಕಣ್ಣು ರೆಪ್ಪೆ ಬಡಿದರೆ ಮತ್ತೆ ಹರಳಿನಲ್ಲಿ ಕಳೆದುಹೋಗುತ್ತಿದ್ದವು. ತಲೆಯ ಮೇಲೆ ಹಕ್ಕಿ ಸುತ್ತು ಹಾಕುತ್ತ ಚೀರುತ್ತಿತ್ತು. ಇಷ್ಟು ವರ್ಷ ಹೊಳೆದಂಡೆಯಲ್ಲಿ ಬಾಳಿದ ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ. ಏನನ್ನೂ ಕಣ್ಣಿಂದ ತಪ್ಪಿಸಿಕೊಳ್ಳಲು ಬಿಡುವವಳಲ್ಲ ಎಂದುಕೊಂಡಿದ್ದ ನನಗೆ ನಾಚಿಕೆಯಾಯಿತು. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು ದೋಣಿ ಹತ್ತಿದೆ.

ಐದು ದಿನ ಮುಗಿದವು. ದೋಣಿಯವರು ಹೋದರು. ನೀರು ಮೆಲ್ಲಗೆ ಇಳಿದು, ಎರಡು ಸಂದಿಯ ಮೇಲಿಂದ ಹರಿಯುವಷ್ಟಕ್ಕೆ ಬಂದು ನಿಂತಿತು. ಕೆಳಗಿನ ಗುಂಡಿಗಳಿಗೆಲ್ಲ ಒಂದಕ್ಕೊಂದು ನೀರಿನ ಎಳೆ ಕೂಡಿಕೊಂಡಿತ್ತು. ಇದಾಗಿ ನಾಲ್ಕು ದಿನಕ್ಕೆ, ಒಂದು ಸಂಜೆ ಹೋಗಿ ನೋಡಿದರೆ ಬೆಳಗಿನ ಗೆರೆಯಿಂದ ಒಂದು ಗೇಣಿನಷ್ಟು ನೀರು ಕಡಿಮೆ. ಎರಡು ಸಂದಿಯೂ ಒಣಗಿದ್ದವು. ಬರಗೆಯನ್ನು ಯಾರೂ ಮುಟ್ಟಿರಲಿಲ್ಲ. ಮೇಲಿನಿಂದ ಸಣ್ಣಗೆ ಬರುತ್ತಿದ್ದ ನೀರು ಬೆಳಗಿನ ತನಕ ಒಂದಿಷ್ಟು ತುಂಬಿಸುವುದು, ಸಂಜೆಗೆ ಮತ್ತೆ ಇಳಿಯುವುದು. ಮೂರು ದಿನ ಹೀಗೇ ನಡೆಯಿತು.

ಊರಲ್ಲಿ ಮಾತು ಬೆಂಕಿಯಾಯಿತು. ದೋಣಿಯವರು ಬರೀ ಆಟಕ್ಕೆ ಬಂದಿರಲಿಲ್ಲ, ಎಲ್ಲೋ ಪೈಪು ಹಾಕಿಕೊಂಡು ಹೋಗಿದ್ದಾರೆ ಎಂದರು. ಟ್ಯಾಂಕರು ನೋಡಿದೆವು ಎನ್ನುವವರೂ ಹುಟ್ಟಿದರು. ಎಲ್ಲರಿಗಿಂತ ಹೆಚ್ಚು ಕೂಗಿದವನು ನನ್ನ ಮೈದುನ. ನನ್ನ ಮನಸ್ಸಿಗೂ ಮೊದಲು ಬಂದದ್ದು ಇಚಲಕರಂಜಿಯ ಆ ಗೋಡೆ, ಆ ಮೂರು ಕೆಂಪು ಗುರುತು. ಆದರೆ ಅಂದಾಜಿನ ಮೇಲೆ ಒಬ್ಬರ ಮೇಲೆ ಅಪವಾದ ಹೊರಿಸುವುದು ನನಗೆ ಬಾರದು. ಮರುದಿನ ಬುತ್ತಿ ಕಟ್ಟಿಕೊಂಡು ಹೋಗಿ ಕಂಬದ ಎದುರಿನ ಕರಿಜಾಲಿಯ ನೆರಳಲ್ಲಿ ಕೂತೆ. ತಾಸಿಗೊಮ್ಮೆ ಗೆರೆ ನೋಡಿ ಬರೆದೆ. ಹನ್ನೆರಡರ ತನಕ ನೀರು ಅಲುಗಲಿಲ್ಲ. ಒಂದು ಗಂಟೆಯ ಮೇಲೆ ಇಳಿಯತೊಡಗಿತು.

ನಮ್ಮ ಹೊಲಗಳ ಲೈನಿಗೆ ಆ ವಾರ ಕರೆಂಟು ಬರುತ್ತಿದ್ದದ್ದು ಮಧ್ಯಾಹ್ನ ಒಂದಕ್ಕೆ.

ಅದು ಹೊಳೆದದ್ದೇ ನನಗೆ ಏಳುವ ಮನಸ್ಸಾಗಲಿಲ್ಲ. ಆಮೇಲೆ ಎದ್ದು ದಂಡೆಗುಂಟ ಮೇಲಕ್ಕೆ ನಡೆದೆ. ಯಾರ ಪಾಳಿಯೂ ಇಲ್ಲದ ದಿನ ಅದು, ಆದರೆ ಮೊದಲನೆಯ ಹೊಲದಲ್ಲೇ ಮೋಟಾರಿನ ಗುಂಯ್‌ಗುಡುವ ಸಪ್ಪಳ. ಎರಡನೆಯದರಲ್ಲೂ. ಒಟ್ಟು ಏಳು ಕಡೆ ನಡೆದಿತ್ತು. ಆರನೆಯದು ನಮ್ಮ ಹೊಲ. ಹಳೆಯ ಮೋಟಾರು ಮನೆಗೆ ಬೀಗ ಹಾಕಿತ್ತು, ಜನ ನೋಡಲೆಂದು. ಅದರಾಚೆ ಕಬ್ಬಿನ ಒಣ ಸೋಗೆ, ರವದಿ, ಒಟ್ಟಿದ ಗುಡ್ಡೆಯ ಕೆಳಗಿನಿಂದ ಹೊಸ ಕರಿ ಪೈಪೊಂದು ಹೊಳೆಗೆ ಇಳಿದಿತ್ತು. ಕೈಯಿಟ್ಟು ನೋಡಿದೆ. ಪೈಪು ತಣ್ಣಗೆ ನಡುಗುತ್ತಿತ್ತು.

ವಾಪಸು ಬರುವಾಗ ಬಂಧಾರೆಯ ಮೇಲೆ ನಿಂತು ಕೆಳಗೆ ನೋಡಿದೆ. ದಿಬ್ಬಕ್ಕೂ ದಂಡೆಗೂ ನಡುವಿನ ನೀರು ಬತ್ತಿ ಬರೀ ಕೆಸರು ಉಳಿದಿತ್ತು. ಆ ಕೆಸರಿನಲ್ಲಿ ನಾಯಿಗಳ ಹೆಜ್ಜೆ, ಹೋದದ್ದು, ಬಂದದ್ದು. ನಾನು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿ ಹೋದೆ. ಜಾಗ ಈಗ ನನಗೆ ಗೊತ್ತಿತ್ತು. ತತ್ತಿಯ ಚಿಪ್ಪಿನ ಎರಡು ಚೂರು ಸಿಕ್ಕವು. ಹಕ್ಕಿ ಇರಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಮೈದುನನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಅವನು ಪೈಪು ಎತ್ತಿಬಿಡುತ್ತಿದ್ದ, ಮಾತು ಮನೆಯಲ್ಲೇ ಮುಚ್ಚಿ ಹೋಗುತ್ತಿತ್ತು, ಅಪವಾದ ಮಾತ್ರ ಆ ಇಬ್ಬರ ಮೇಲೆ ಉಳಿಯುತ್ತಿತ್ತು. ಹೀಗೆಂದು ನನಗೆ ನಾನೇ ಹೇಳಿಕೊಂಡೆ. ಒಳಗೊಳಗೆ ಸಿಟ್ಟೂ ಇತ್ತು. ಊರನ್ನೆಲ್ಲ ಸಂಶಯದಿಂದ ನೋಡಿದವಳು ನಾನು. ದಿನಾ ನನ್ನ ಕೈಯಿಂದ ರೊಟ್ಟಿ ಇಸಕೊಳ್ಳುವವನ ಮೇಲೆ ಮಾತ್ರ ನನಗೆ ಸಂಶಯ ಬಂದಿರಲಿಲ್ಲ.

ಇನ್ನೂ ಎರಡು ದಿನ ಕಂಬದ ಎದುರು ಕೂತು ಬರೆದೆ, ಎರಡೂ ದಿನ ನೀರು ಇಳಿದದ್ದು ಒಂದು ಗಂಟೆಯ ಮೇಲೇ. ಆಮೇಲೆ ಪಂಚಾಯತಿಯಲ್ಲಿ ಮತ್ತೆ ಸಭೆ ಕೂಡಿತು. ದೋಣಿಯವರನ್ನು ಇನ್ನು ಮುಂದೆ ಊರೊಳಗೆ ಬಿಡಬಾರದೆಂದು ಠರಾವು ಮಾಡಬೇಕಿತ್ತು. ಸಾಹುಕಾರನೂ ಹುಡುಗಿಯೂ ಬಂದು ಒಂದು ಮೂಲೆಯಲ್ಲಿ ಕೂತಿದ್ದರು. ನಾನು ಬರೆದದ್ದನ್ನು ಓದಿದೆ. ಯಾವ ದಿನ, ಯಾವ ತಾಸು, ಯಾವ ಗೆರೆ, ಅಷ್ಟೇ. ಮಧ್ಯಾಹ್ನ ಒಂದು ಗಂಟೆ ಎಂಬುದು ಮೂರನೆಯ ಸಲ ಬಂದಾಗ ಕೆಲವರು ನೆಲ ನೋಡತೊಡಗಿದರು. ಮೈದುನನಿಗೆ ಅದು ತಿಳಿಯಲಿಲ್ಲವೋ, ತಿಳಿದೂ ತಡೆಯಲಾಗಲಿಲ್ಲವೋ, ಎದ್ದು ನಿಂತ.

"ತಾಸು ಗೀಸು ಬಿಡ್ರಿ, ವೈನಿ. ನೀರ ಒಯ್ದವರು ಯಾರು, ಅದನ್ನ ಹೇಳ್ರಿ."

"ನಾವ ಒಯ್ದೀವಿ," ಎಂದೆ. "ನಮ್ಮ ಹೊಲದಾಗ ರವದಿ ಬುಡಕ ಪೈಪ್ ಐತಿ. ಇನ್ನೂ ಆರು ಮಂದಿದು ಐತಿ. ಅವರು ತಾವ ಹೇಳಲಿ."

ಠರಾವಿನ ಮಾತು ಅಲ್ಲಿಗೇ ನಿಂತಿತು. ಒಬ್ಬೊಬ್ಬರಾಗಿ ಎದ್ದು ಹೋದರು. ಸಾಹುಕಾರ ನನ್ನ ಹತ್ತಿರ ಬಂದು ಉಪಕಾರವಾಯಿತು ಎಂದ. ನಿಮ್ಮ ಸಲುವಾಗಿ ಮಾಡಲಿಲ್ಲ ಎಂದೆ. ಹುಡುಗಿ ತತ್ತಿಯ ಬಗ್ಗೆ ಕೇಳಿದಳು. ನಾಯಿ ತಿಂದವು ಎಂದು ಮರಾಠಿಯಲ್ಲಿ ಹೇಳಿದೆ.

ಮೈದುನ ನನ್ನ ಜೊತೆ ಮಾತು ಬಿಟ್ಟ. ಒಂದೇ ಮನೆ, ಒಂದೇ ಒಲೆ. ಆದರೆ ನೀರು ಬೇಕಾದರೂ ಹೆಂಡತಿಗೆ ಹೇಳುತ್ತಿದ್ದ, ನನಗೆ ಹೇಳಬೇಕಾದದ್ದನ್ನೂ ಅವಳಿಗೇ ಹೇಳುತ್ತಿದ್ದ. ಊರಲ್ಲಿ ಉಳಿದ ಆರು ಮನೆಯವರು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಆದರೂ ಪೈಪುಗಳು ಒಂದು ವಾರದೊಳಗೆ ಎದ್ದವು. ಮೇ ತಿಂಗಳ ಪಾಳಿಯಲ್ಲಿ ಖಾತೆಯವರು ಮತ್ತೆ ಹಾಗೇ ಮೆಲ್ಲಗೆ ನೀರು ಬಿಟ್ಟರು. ಎರಡು ಸಂದಿ ಮಳೆ ಬರುವ ತನಕ ಹರಿದವು. ಗುಂಡಿಗಳಲ್ಲಿ ಆ ವರ್ಷ ಮೀನು ಸಾಯಲಿಲ್ಲ. ಟಿಟವಿ ಮತ್ತೆ ಬಂತೇ ಎಂದರೆ, ದಿಬ್ಬದ ಮೇಲೆ ಕೂಗು ಕೇಳಿಸುತ್ತಿತ್ತು. ನಾನು ಹೋಗಿ ನೋಡಲಿಲ್ಲ.

ಎಲ್ಲ ನೆಟ್ಟಗಾಯಿತು ಎಂದು ಹೇಳಲಾರೆ. ದೀಪಾವಳಿಯ ಹೊತ್ತಿಗೆ ಬಂಧಾರೆಯಿಂದ ಸ್ವಲ್ಪ ಕೆಳಗೆ, ಹೊಳೆಗೆ ಹತ್ತಿದ ಒಂದು ಬೀಳು ಹೊಲಕ್ಕೆ ಯಾರೋ ತಂತಿ ಬೇಲಿ ಹಾಕಿಸಿದರು. ದೋಣಿ ಇಳಿಸುವ ಜಾಗ ಅದರ ಎದುರಿಗೇ. ಅಲ್ಲಿ ರಿಸಾರ್ಟ್ ಬರುತ್ತದೆ ಎಂದು ಕೆಲವರು, ಬರೀ ಗೋದಾಮು ಎಂದು ಕೆಲವರು. ತಲಾಠಿಯ ಕಚೇರಿಗೆ ಹೋಗಿ ಆ ಹೊಲದ ಪಹಣಿ ಉತಾರೆ ತೆಗೆಸಿ ನೋಡಿದೆ. ಕೊಲ್ಹಾಪುರದ ಯಾರದೋ ಹೆಸರಿತ್ತು, ನಾನು ಕೇಳದ ಹೆಸರು. ಸಾಹುಕಾರನಿಗೆ ಅವರು ಏನಾದರೂ ಆಗಬೇಕೋ, ಏನೂ ಆಗಬೇಕಿಲ್ಲವೋ, ಕಾಗದ ನೋಡಿ ಹೇಳುವ ಹಾಗಿಲ್ಲ.

ಮುಂದಿನ ಮಾರ್ಚಿನಲ್ಲಿ ಪಾಳಿಯ ಸಭೆಗೆ ಅವರಿಬ್ಬರೂ ಬಂದರು. ಹೋದ ವರ್ಷದ ಹಾಗೇ ನೀರು ಬಿಡುವುದಕ್ಕೆ ಈ ಸಲ ಯಾರ ತಕರಾರೂ ಬರಲಿಲ್ಲ. ಕೊನೆಗೆ, ಯಾರೂ ಎಣಿಸದೆ ಇರುವಾಗ, ಮೈದುನ ಎದ್ದ. ನೀರು ಮೆಲ್ಲಗೆ ಇಳಿಸಿದ್ದರಿಂದ ತಮ್ಮ ದಂಡೆ ಕುಸಿಯುವುದು ಕಡಿಮೆಯಾಗಿದೆ, ಅದು ಖರೆ ಎಂದ. ಆಮೇಲೆ ಸಾಹುಕಾರನ ಕಡೆ ತಿರುಗಿ, ಬೇಲಿ ಹಾಕಿದ ಹೊಲ ಯಾರದು ಎಂದು ನೇರವಾಗಿ ಕೇಳಿದ. ಸಾಹುಕಾರ ತನಗೆ ಗೊತ್ತಿಲ್ಲ, ತನಗೂ ಅದಕ್ಕೂ ಸಂಬಂಧವಿಲ್ಲ ಎಂದ. ಉತ್ತರ ಕೊಡಲು ತಡಮಾಡಲಿಲ್ಲ. ತಡಮಾಡದೆ ಇದ್ದದ್ದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯಲಿಲ್ಲ.

ಸಭೆ ಮುಗಿದು ನಾನು ಮನೆಯ ದಾರಿ ಹಿಡಿದೆ. ಹಿಂದೆ ಹೆಜ್ಜೆಯ ಸಪ್ಪಳ ಕೇಳಿತು. ಮೈದುನ ಬಂದು ನನ್ನ ಪಕ್ಕಕ್ಕೆ ನಡೆಯತೊಡಗಿದ. ಕಬ್ಬಿನ ಗಾಡಿ ನಿಲ್ಲುವ ತಿರುವಿನ ತನಕ ಜೊತೆಗೇ ನಡೆದೆವು.

"ಖರೆ ಹೇಳಾಕತ್ತಾನ ಅನಸ್ತೈತೇನ್ರಿ ವೈನಿ, ನಿಮಗ?" ಎಂದ.

ಹೆಚ್ಚುಕಡಿಮೆ ಒಂದು ವರ್ಷದ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು.

"ಇನ್ನೂ ನೋಡೂಣು," ಎಂದೆ.